ಎರಡು ಕುಟ್ಟಿದರೆ ಮೇಲಕ್ಕೆ

ಆನೆ ಬಿಟ್ಟು ಕೋಟೆಯ ಬಾಗಿಲು ಮುರಿಸಿದ ವೀರರು ಇತಿಹಾಸದಲ್ಲಿ ಬೇಕಾದಷ್ಟು ಸಿಗುತ್ತಾರೆ. ಒದ್ದು ತೆರೆದವರಿದ್ದಾರೆ, ಸುಟ್ಟು ತೆರೆದವರಿದ್ದಾರೆ, ಕಾವಲಿನವನಿಗೆ ಕುಡಿಸಿ ತೆರೆಸಿದ ಜಾಣರೂ ಇದ್ದಾರೆ. ಆದರೆ ಮುಚ್ಚಿದ ಬಾಗಿಲಿಗೆ ಒಂದು ಬೆರಳನ್ನೂ ಸೋಕಿಸದೆ, ಬರೀ ಕೆಮ್ಮಿನಿಂದ ಅದನ್ನು ಗೆದ್ದ ಮಹಾಪುರುಷ ನನಗೆ ಗೊತ್ತಿರುವಂತೆ ಒಬ್ಬನೇ. ಅವನು ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿದ್ದಾನೆ. ಲಿಫ್ಟ್ ಮೆಕ್ಯಾನಿಕ್. ವಯಸ್ಸು ನಲವತ್ತೈದು, ಎತ್ತರ ಐದಡಿ ಮೂರಂಗುಲ, ಆಯುಧ ಗಂಟಲು.

ಕರೆಗಂಟೆ ಇದ್ದರೆ ಒತ್ತುತ್ತಿದ್ದ, ಸುಳ್ಳು ಹೇಳಬಾರದು. ಆದರೆ ನಮ್ಮ ಕಟ್ಟಡದ ಕರೆಗಂಟೆಗಳು ಅರ್ಧಕ್ಕರ್ಧ ಮೂಕ. ಅಂಥ ಬಾಗಿಲ ಮುಂದೆ ಅವನು ಕೈಕಟ್ಟಿ ನಿಂತು ಒಂದು ಕೆಮ್ಮು ಬಿಡುತ್ತಿದ್ದ. ಒಳಗಿನವರು ಏಳದಿದ್ದರೆ ಇನ್ನೊಂದು. ಏಣಿ ವಾಪಸು ಕೊಡುವುದಕ್ಕೆ ಚುಟುಕು ಕೆಮ್ಮು, ನೀರಿನ ಪಂಪು ಕೆಟ್ಟಿದೆ ಎಂದು ತಿಳಿಸುವುದಕ್ಕೆ ಬಾಲವಿರುವ ಉದ್ದನೆಯ ಕೆಮ್ಮು. ಹೀಗಾಗಿ ಅವನು ಕೆಮ್ಮಣ್ಣನಾದ. ನಿಜವಾದ ನೆಗಡಿ ಹಿಡಿದು ಮೆಟ್ಟಿಲು ಹತ್ತಿದ ಅಂಚೆಯವನಿಗೆ ಒಮ್ಮೆ ಮೂರು ಮನೆಯವರು ಒಟ್ಟಿಗೇ ಬಾಗಿಲು ತೆಗೆದು “ಬಾ ಕೆಮ್ಮಣ್ಣ” ಎಂದದ್ದೂ ಉಂಟು.

ಅವನೇಕೆ ಬಾಗಿಲು ಬಡಿಯುವುದಿಲ್ಲ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿರಲಿಲ್ಲ. ಕೆಳಗಿನ ಮನೆಯ ದರ್ಜಿ, ಅದು ಬೆರಳ ಗೆಣ್ಣಿಗೆ ಸೇರಿದ ವಾಯು ಎಂದ. ಎರಡನೇ ಮಹಡಿಯ ನಿವೃತ್ತ ಗುಮಾಸ್ತರು, ಅದು ಸಂಸ್ಕಾರ ಎಂದರು. ನಾನು ಜಂಬ ಎಂದೆ. ಮೂವರೂ ದಡ್ಡರು. ಅದು ಹೆದರಿಕೆ. ಕಲಬೆರಕೆಯಿಲ್ಲದ ಹೆದರಿಕೆ. ನನಗದು ತಿಳಿದದ್ದು ಎಲ್ಲ ಮುಗಿದ ಮೇಲೆ, ಅವನೇ ಕೂತು ಹೇಳಿದಾಗ. ಇಲ್ಲಿರುವ ಸಂಗತಿಯೆಲ್ಲ ಅವನದು, ಬಣ್ಣ ಬಳಿದದ್ದು ಮಾತ್ರ ನಾನು.

ಮೊದಲು ಅವನ ಕಸುಬಿನ ಒಂದು ಕಟ್ಟಳೆ ತಿಳಿದಿರಬೇಕು. ಹಳೆಯ ಲಿಫ್ಟುಗಳ ರಿಪೇರಿಗೆ ಮೆಕ್ಯಾನಿಕ್ ಒಳಗೆ ನಿಲ್ಲುವುದಿಲ್ಲ, ಲಿಫ್ಟಿನ ನೆತ್ತಿಯ ಮೇಲೆ ನಿಲ್ಲುತ್ತಾನೆ. ಸುತ್ತ ನಾಲ್ಕು ಗೋಡೆ, ಗಾಢ ಕತ್ತಲೆ, ಎರಡು ಬದಿಗೆ ನೆಟ್ಟಗೆ ನಿಂತ ಕಬ್ಬಿಣದ ಹಳಿ. ತುತ್ತತುದಿಯಲ್ಲಿ ಮೆಷಿನ್ ರೂಮು. ಅಲ್ಲಿ ಇನ್ನೊಬ್ಬ ಕೂತು ಲಿಫ್ಟನ್ನು ಕೈಯಾರೆ ಏರಿಸಿ ಇಳಿಸುತ್ತಾನೆ. ಫೋನು ಆ ಕತ್ತಲೆಯಲ್ಲಿ ಕೆಲಸ ಮಾಡುವುದಿಲ್ಲ. ಕೂಗಿದರೆ ಮಾತು ಗೋಡೆಗೆ ಬಡಿದು ಹಿಟ್ಟಾಗುತ್ತದೆ. ಅದಕ್ಕೇ ಸ್ಪ್ಯಾನರಿನಿಂದ ಹಳಿಯನ್ನು ಕುಟ್ಟಬೇಕು. ಒಂದು ಕುಟ್ಟಿದರೆ ನಿಲ್ಲಿಸು. ಎರಡು ಕುಟ್ಟಿದರೆ ಮೇಲಕ್ಕೆ. ಮೂರಕ್ಕೆ ಕೆಳಕ್ಕೆ. ಅಪ್ಪನಾಣೆ ಹಾಕಿದರೂ ಮೇಲಿನವನು ಕುಟ್ಟುವಿಕೆಯನ್ನಷ್ಟೇ ನಂಬುತ್ತಾನೆ, ಬೇರೆ ಯಾವುದನ್ನೂ ಅಲ್ಲ.

ಎಂಟು ತಿಂಗಳ ಹಿಂದೆ ಒಂದು ಹಳೆಯ ಕಚೇರಿ ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಇಬ್ಬರಿದ್ದರು. ಒಬ್ಬ ಕೆಮ್ಮಣ್ಣ. ಇನ್ನೊಬ್ಬ ಅವನ ಭಾವ, ಅಂದರೆ ಹೆಂಡತಿಯ ಅಣ್ಣ, ಇವನಿಗೆ ಕೆಲಸ ಕಲಿಸಿದ ಗುರು. ಮೇಲೆ ಮೆಷಿನ್ ರೂಮಿನಲ್ಲಿ ಕಂಪನಿಯ ಅತಿ ಹಳೆಯ ಮುದುಕ. ಹಳಿ ಎರಡು ಸಲ ಕುಟ್ಟಿದ ಸದ್ದಾಯಿತು, ಮುದುಕ ಲಿಫ್ಟನ್ನು ಏರಿಸಿದ. ಭಾವನ ಎಡಗಾಲು ಹೊರಗೇ ಇತ್ತು. ಲಿಫ್ಟಿನ ಅಂಚಿಗೂ ಗೋಡೆಯ ಕಬ್ಬಿಣದ ತೊಲೆಗೂ ನಡುವೆ ಸಿಕ್ಕಿ ಮೊಣಕಾಲು ಪುಡಿಯಾಯಿತು. ವಿಚಾರಣೆಯಲ್ಲಿ ಭಾವ ಆಸ್ಪತ್ರೆಯ ಮಂಚದಿಂದಲೇ ಹೇಳಿಕೆ ಕೊಟ್ಟ: “ಎರಡು ಕುಟ್ಟಿದ್ದು ನಾನೇ. ಕಾಲು ಒಳಗೆ ತಗೊಂಡಿದೀನಿ ಅಂದ್ಕೊಂಡೆ.” ಕಡತದಲ್ಲಿ ‘ಸ್ವಂತ ಅಜಾಗರೂಕತೆ’ ಎಂದು ಬರೆದು ಮುಚ್ಚಿದರು. ಮುದುಕ ನಿವೃತ್ತನಾದ. ಭಾವ ಕಾಲಿಗೆ ಸರಳು ಹಾಕಿಸಿಕೊಂಡು, ನಾಲ್ಕು ತಿಂಗಳ ಬಳಿಕ ಮೆಷಿನ್ ರೂಮಿನ ಸ್ಟೂಲಿನ ಮೇಲೆ ಬಂದು ಕೂತ.

ನಮ್ಮ ವೀರ ಅಂದಿನಿಂದ ಲಿಫ್ಟಿನ ಆ ಕತ್ತಲೆ ಬಾವಿಯೊಳಕ್ಕೆ ಕಾಲಿಡಲಿಲ್ಲ, ಯಾವ ಬಾಗಿಲನ್ನೂ ಬಡಿಯಲಿಲ್ಲ. ಬಟನ್ ಬದಲಾಯಿಸಿದ, ದೀಪ ಬದಲಾಯಿಸಿದ, ಬಾಗಿಲಿನ ರಬ್ಬರು ಬದಲಾಯಿಸಿದ. ನೆತ್ತಿಯ ಕೆಲಸ ಬಂದ ದಿನ ಹಲ್ಲುನೋವು. ಒಂದೇ ವರ್ಷದಲ್ಲಿ ಮನುಷ್ಯನೊಬ್ಬನಿಗೆ ಮೂವತ್ತೆರಡಕ್ಕಿಂತ ಹೆಚ್ಚು ಹಲ್ಲು ನೋಯುವುದಿಲ್ಲವಾದ್ದರಿಂದ ಸೂಪರ್‌ವೈಸರ್‌ಗೆ ಅನುಮಾನ ಬಂತು.

“ಆರು ವಾರ ಬಿಟ್ಟು ಲೈಸೆನ್ಸ್ ಪರೀಕ್ಷೆ,” ಎಂದ ಸೂಪರ್‌ವೈಸರ್. “ಅದೇ ಕಚೇರಿ ಕಟ್ಟಡದಲ್ಲಿ, ತಪಾಸಣೆ ಅಧಿಕಾರಿ ಜೊತೆ ನೆತ್ತಿ ಮೇಲೆ ನಿಂತು, ಒಂದನೇ ಮಹಡಿಯಿಂದ ಆರನೇದಕ್ಕೆ. ಕುಟ್ಟೋದು ನೀನೇ. ಆಗಲ್ಲ ಅಂದ್ರೆ ಕಾರ್ಡ್ ಇಟ್ಟು ಗೋಡೌನ್ ಗೇಟು ಕಾಯೋಕೆ ಹೋಗು. ಅಲ್ಲಿ ಕುರ್ಚಿ ಚೆನ್ನಾಗಿದೆ.”

ಇಪ್ಪತ್ತೆರಡು ವರ್ಷದ ಕಸುಬು. ಅದಕ್ಕೆ ಬದಲಾಗಿ ಒಂದು ಚೆನ್ನಾಗಿರುವ ಕುರ್ಚಿ.

ಮರುದಿನವೇ ಅವನು ಒಬ್ಬನೇ ಆ ಕಚೇರಿ ಕಟ್ಟಡಕ್ಕೆ ಹೋಗಿ ಎರಡನೇ ಮಹಡಿಯ ಲಿಫ್ಟ್ ಬಾಗಿಲನ್ನು ಕೀಲಿಯಿಂದ ತೆರೆದು ಲಿಫ್ಟಿನ ನೆತ್ತಿಯ ಮೇಲೆ ಒಂದು ಕಾಲಿಟ್ಟ. ಕತ್ತಲೆಯಿಂದ ಗ್ರೀಸಿನ ವಾಸನೆಯ ತಂಪು ಗಾಳಿ ಮುಖಕ್ಕೆ ಬಂತು. ಮೇಲೆ ಎಲ್ಲೋ ತಂತಿಯ ಹಗ್ಗ ಸಣ್ಣಗೆ ಮಿಡಿಯಿತು, ಯಾರೋ ಉಗುರಿನಿಂದ ಮೀಟಿದ ಹಾಗೆ. ಅಷ್ಟೇ. ಇಟ್ಟ ಕಾಲು ಅವನ ಮಾತು ಕೇಳುವುದನ್ನು ನಿಲ್ಲಿಸಿತು. ಮುಂದೆ ಹೋಗಲೂ ಒಪ್ಪಲಿಲ್ಲ, ಹಿಂದೆ ಬರಲೂ ಒಪ್ಪಲಿಲ್ಲ. ಕಿವಿಯಲ್ಲಿ ಟಣ್ ಟಣ್ ಎಂದು ಎರಡೇಟು ಕೇಳಿತು. ಯಾರೂ ಕುಟ್ಟಿರಲಿಲ್ಲ. ಕೊನೆಗೆ ತನ್ನ ಕಾಲನ್ನು ತಾನೇ ಎರಡು ಕೈಯಿಂದ ಹಿಡಿದು, ಸಾಮಾನಿನಂತೆ ಎತ್ತಿ ಈಚೆಗೆ ಇಟ್ಟುಕೊಂಡ. ಬೆಳಿಗ್ಗೆಯ ಟೀಯಿಂದ ಮಧ್ಯಾಹ್ನದ ಊಟದವರೆಗೆ ಮೆಟ್ಟಿಲ ಮೇಲೆ ಕೂತಿದ್ದ.

ಸಂಜೆ ಹೆಂಡತಿ ಅವನ ಮುಖ ನೋಡಿದಳು, ಅಂಗಿಯ ಬೆವರು ನೋಡಿದಳು. “ಹಲ್ಲುನೋವಾ?” ಎಂದಳು.

“ಹೂಂ.”

“ಯಾವ ಹಲ್ಲು? ನಿಮಗೆ ಲೆಕ್ಕ ತಪ್ಪಿರಬೇಕು, ಇರೋ ಹಲ್ಲೆಲ್ಲ ಹೋದ ವಾರಕ್ಕೇ ಮುಗೀತು. ನಾಳೆ ಆಸ್ಪತ್ರೆಗೆ ನಡೀರಿ. ಹಲ್ಲಿನವರ ಹತ್ರ ಅಲ್ಲ.”

ಆಸ್ಪತ್ರೆಯ ಹಿಂಭಾಗದ ಕಾರಿಡಾರಿನಲ್ಲಿ ಸಾಲಾಗಿ ಬಾಗಿಲುಗಳು. ಕೊನೆಯದು ಆಪ್ತಸಲಹೆಗಾರ್ತಿಯದು. ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ ನಮ್ಮವನು ಮುಚ್ಚಿದ ಬಾಗಿಲ ಮುಂದೆ ನಿಂತು ಕೆಮ್ಮಿದ. ಮತ್ತೆ ಕೆಮ್ಮಿದ. ಒಳಗಿನಿಂದ ಹೆಂಗಸಿನ ದನಿ ಬಂತು: “ಎದೆ ವಿಭಾಗ ಪಕ್ಕದ ಕಟ್ಟಡ!”

ಅವರು ಐವತ್ತರ ಆಸುಪಾಸಿನ, ಕನ್ನಡಕವನ್ನು ತಲೆಯ ಮೇಲಿಟ್ಟು ಮೇಜಿನ ಮೇಲೆ ಹುಡುಕುವ ಜಾತಿಯ ಹೆಂಗಸು. ಕೋಣೆಯಲ್ಲಿ ಎರಡು ಕುರ್ಚಿ, ಗಾಜು ಹಾಕಿದ ಮೇಜು, ಗೋಡೆಯ ಮೇಲೆ ಸೆಕೆಂಡಿನ ಮುಳ್ಳಿಲ್ಲದ ಗಡಿಯಾರ. ನಮ್ಮವನು ಕೂರುವ ಮೊದಲು ಬಾಗಿಲಿನ ತಿರುಗಣಿ ಪರೀಕ್ಷಿಸಿ, ಮೇಲಿನದು ಸಡಿಲವಾಗಿದೆ ಎಂದು ತೀರ್ಪು ಕೊಟ್ಟ.

“ಹೆದರಿಕೆ ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳಿ,” ಎಂದರು ಅವರು.

“ಆ ಕಟ್ಟಡಕ್ಕೆ ಆರೇ ಮಹಡಿ, ಮೇಡಂ.”

ಅವರು ಕ್ಷಣ ನೋಡಿದರು. “ಸರಿ, ಆರರಲ್ಲೇ ಹೇಳಿ.”

“ತಾರಸಿ,” ಎಂದ.

ಅವರು ನಗಲಿಲ್ಲ, ಬರೆದುಕೊಂಡರು. ಆಮೇಲೆ ತಾವು ಮಾಡುವುದೇನೆಂದು ಬಿಡಿಸಿ ಹೇಳಿದರು. ಆದ ಸಂಗತಿಯನ್ನು ಸ್ವಲ್ಪ ಸ್ವಲ್ಪವಾಗಿ ಮಾತಾಡುವುದು. ಮಾತಾಡುವಾಗ ಮೈಯ ಕೆಲವು ಬಿಂದುಗಳನ್ನು ಬೆರಳ ತುದಿಯಿಂದ ಹಗುರಾಗಿ ತಟ್ಟಿಕೊಳ್ಳುವುದು. ಅಂಗೈಯ ಅಂಚು, ಹುಬ್ಬಿನ ತುದಿ, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಗಲ್ಲ, ಕೊರಳೆಲುಬಿನ ಬುಡ.

“ಇದು ಮಂತ್ರ ಅಲ್ಲ, ಮೊದಲೇ ಹೇಳ್ತೀನಿ,” ಎಂದರು. “ಕೆಲವರಿಗೆ ಉಪಯೋಗ ಆಗತ್ತೆ. ಯಾಕೆ ಆಗತ್ತೆ ಅಂತ ಓದಿದವರು ಇನ್ನೂ ಜಗಳ ಆಡ್ತಿದ್ದಾರೆ. ಮುಖ್ಯ ಕೆಲಸ ಮಾತಿಂದು. ಮಾತಾಡುವಾಗ ಮೈ ಎದ್ದು ಓಡಿಹೋಗ್ದೆ ಇರ್ಲಿ ಅಂತ ಈ ತಟ್ಟೋದು. ನೋಡಿ, ಹೀಗೆ.”

ಹೀಗೆಂದು ಅವರು ತಮ್ಮ ಅಂಗೈಯ ಅಂಚನ್ನು ಇನ್ನೊಂದು ಕೈಯಿಂದ ತಟ್ಟಿದರು. ಟಪ್, ಟಪ್.

ಕೆಮ್ಮಣ್ಣ ಎರಡೂ ಕಾಲನ್ನು ನೆಲದಿಂದ ಕಿತ್ತು ಕುರ್ಚಿಯ ಮೇಲೆ ಎಳೆದುಕೊಂಡ. ಮೊಣಕಾಲು ಎದೆಗೆ ಅಪ್ಪಿ, ಕಣ್ಣು ಚಾವಣಿಗೆ ನೆಟ್ಟು, ಏರುತ್ತಿರುವ ಲಿಫ್ಟಿನ ಮೇಲಿದ್ದವನಂತೆ ಕೂತ. ಆರಾರು ಮಹಡಿ ಏರಿಳಿಯುವ ಯಂತ್ರಗಳನ್ನು ಪಳಗಿಸಿದ ಶೂರ, ಹೆಂಗಸೊಬ್ಬಳ ಅಂಗೈ ಸದ್ದಿಗೆ ಕೋಳಿಯಂತೆ ಕುರ್ಚಿ ಏರಿದ್ದ. ಈ ಭಾಗ ಹೇಳುವಾಗ ಅವನು ನಗಿಸಲು ನೋಡಿದ. ನನಗೆ ನಗು ಬರಲಿಲ್ಲ.

ಅವರು ಕೂಡಲೇ ಕೈ ನಿಲ್ಲಿಸಿ, ಎರಡೂ ಅಂಗೈಯನ್ನು ಅವನಿಗೆ ಕಾಣುವಂತೆ ಮೇಜಿನ ಮೇಲಿಟ್ಟರು. “ಇನ್ನು ತಟ್ಟಲ್ಲ,” ಎಂದರು. “ಕಾಲು ಅಲ್ಲೇ ಇರ್ಲಿ. ಪರವಾಗಿಲ್ಲ.” ಅವನ ಕಾಲು ನೆಲಕ್ಕೆ ಇಳಿಯುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಅಂದಿಗೆ ಅಷ್ಟೇ ಚಿಕಿತ್ಸೆ.

ಎರಡನೇ ವಾರ ಅವನೇ ತಟ್ಟಿಕೊಳ್ಳಲಿ ಎಂದರು, ಸದ್ದಾಗದಂತೆ, ಬೆರಳ ಮೆತ್ತೆಯಿಂದ. ಹುಬ್ಬಿಗೆ ಒಂದು ತಟ್ಟಿದ. ಕೈ ನಿಂತಿತು. ಗಲ್ಲಕ್ಕೆ ಒಂದು. ನಿಂತಿತು. ಕೊರಳೆಲುಬಿಗೆ ಒಂದು. ಕೈ ಗಾಳಿಯಲ್ಲಿ ಮರಗಟ್ಟಿತು.

“ಒಂದೊಂದು ಕಡೆ ಐದಾರು ಸಲ ತಟ್ಟಬೇಕು.”

“ಒಂದು ಸಾಕು ಮೇಡಂ. ಒಂದು ಒಳ್ಳೇದು.”

“ಎರಡು ಆದ್ರೆ ಏನಾಗತ್ತೆ?”

ಅವನ ಅಂಗಿಯ ಕಂಕುಳು ಒದ್ದೆಯಾಗುತ್ತಿರುವುದು ಇಬ್ಬರಿಗೂ ಕಾಣುತ್ತಿತ್ತು. ಆಮೇಲೆ ಒಂದು, ಎರಡು, ಮೂರರ ಕಟ್ಟಳೆಯನ್ನು ಹೇಳಿದ, ಬೇರೆ ಯಾರದೋ ಕಸುಬಿನ ಮಾತು ಎಂಬಂತೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹಾಗಾದ್ರೆ ನಿಮ್ಮ ಕಟ್ಟಳೆಯಲ್ಲೇ ಹೋಗೋಣ,” ಎಂದರು. “ನೀವು ಅವತ್ತಿನ ದಿನ ಹೇಳ್ತಾ ಹೋಗಿ. ಸಾಕು ಅನ್ಸಿದ್ರೆ ಇಲ್ಲಿ, ಕೊರಳ ಹತ್ರ, ಒಂದು ತಟ್ಟಿ. ನಾನು ಒಂದು ಪ್ರಶ್ನೆನೂ ಕೇಳಲ್ಲ, ನಿಂತ್ಬಿಡ್ತೀನಿ. ಮುಂದೆ ಹೋಗ್ಬೇಕು ಅನ್ಸಿದಾಗ ಮಾತ್ರ ಎರಡು. ಅದು ನಿಮ್ಮ ಇಷ್ಟ. ಮೇಲಿರೋಳು ನಾನು, ಕೆಳಗಿರೋರು ನೀವು.”

“ನೀವು ನಿಲ್ಲಿಸ್ತೀರಾ? ಗ್ಯಾರಂಟಿ?”

“ಪರೀಕ್ಷೆ ಮಾಡಿ.”

ಅವನು ಪರೀಕ್ಷೆ ಮಾಡಿದ. ಮೆಕ್ಯಾನಿಕ್ ಅಲ್ಲವೇ, ಹನ್ನೊಂದು ಸಲ ಮಾಡಿದ. ಅವರು ವಾಕ್ಯದ ನಡುವೆ, ಪದದ ನಡುವೆ, ಒಮ್ಮೆ ಆಕಳಿಕೆಯ ನಡುವೆಯೂ ನಿಂತರು. ಬ್ರೇಕು ಚೆನ್ನಾಗಿದೆ ಎಂದು ಒಪ್ಪಿದ.

ಹೀಗೆ ಎರಡು ವಾರ, ವಾರಕ್ಕೆರಡು ಸಲ, ಅವನು ಆ ದಿನದೊಳಕ್ಕೆ ಇಳಿದ. ಬೆಳಿಗ್ಗೆ ಹನ್ನೊಂದು ಗಂಟೆ. ಒಂದು ತಟ್ಟು, ನಿಲ್ಲು. ನಾಲ್ಕು ಮತ್ತು ಐದನೇ ಮಹಡಿಯ ನಡುವೆ. ಒಂದು ತಟ್ಟು, ನಿಲ್ಲು. ಭಾವ ಗೋಡೆಗೆ ಬಾಗಿ ಬೋಲ್ಟು ಬಿಗಿ ಮಾಡುತ್ತಿದ್ದಾನೆ. ನಿಲ್ಲು, ನಿಲ್ಲು, ನಿಲ್ಲು. ಪ್ರತಿ ಸಲವೂ ಬೋಲ್ಟಿನವರೆಗೆ ಬಂದು ಹಿಂತಿರುಗುತ್ತಿದ್ದ. ಕಾರಿಡಾರಿಗೆ ಬಂದು ಹೆಂಡತಿ ಕೊಟ್ಟ ನೀರಿನ ಬಾಟಲಿಯನ್ನು ಒಂದೇ ಉಸಿರಿಗೆ ಖಾಲಿ ಮಾಡುತ್ತಿದ್ದ.

ಮನೆಯಲ್ಲೂ ಅಭ್ಯಾಸ ಮಾಡಿ ಎಂದಿದ್ದರು ಮೇಡಂ. ಒಂದು ಸಂಜೆ ಕನ್ನಡಿಯ ಮುಂದೆ ನಿಂತು ಕೊರಳೆಲುಬನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಾಗ ಹೆಂಡತಿ ಬಟ್ಟೆ ಮಡಿಸುತ್ತಾ ನಕ್ಕಳು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ಹಾಗಿದೆ. ಯಾರ ಮನೆ ಕುಂಬಳಕಾಯಿ ಕದ್ರಿ?”

ಕನ್ನಡಿಯಲ್ಲಿ ಅವನ ಮುಖದ ರಕ್ತ ಇಳಿಯುವುದನ್ನು ಅವಳು ನೋಡಿದಳು. ಮಡಿಸುತ್ತಿದ್ದ ಟವೆಲ್ಲು ಅವಳ ಕೈಯಲ್ಲೇ ಉಳಿಯಿತು. ಅವನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಅವಳು ಹೋಗಿ ಬಾಗಿಲು ಬಡಿಯಲಿಲ್ಲ. ಅದರ ಮುಂದೆ ನೆಲದ ಮೇಲೆ ಕೂತು, ನಲ್ಲಿಯ ನೀರು ನಿಲ್ಲುವವರೆಗೂ ಕಾದಳು. ಏನೂ ಕೇಳಲಿಲ್ಲ. ಅದರಿಂದ ಅವನಿಗೆ ಇನ್ನೂ ಭಯವಾಯಿತು, ಏಕೆಂದರೆ ಕಾಲು ಮುರಿದದ್ದು ಅವಳ ಅಣ್ಣನದು.

ನಾಲ್ಕನೇ ವಾರದ ಗುರುವಾರ ಅವನು ಮತ್ತೆ ಬೋಲ್ಟಿನವರೆಗೆ ಬಂದ. ಕೈ ಕೊರಳ ಬಳಿ ಹೋಯಿತು. ಒಂದು ತಟ್ಟಿದ. ಮೇಡಂ ನಿಂತರು. ಕಿಟಕಿಯಾಚೆ ಯಾರೋ ತಳ್ಳುಗಾಡಿ ಎಳೆದುಕೊಂಡು ಹೋದರು. ಅದರ ಚಕ್ರದ ಸದ್ದು ಪೂರ್ತಿ ಅಡಗುವವರೆಗೂ ಅವನ ಬೆರಳು ಮೂಳೆಯ ಮೇಲೆಯೇ ಇತ್ತು. ಆಮೇಲೆ ತಟ್ಟಿದ. ಎರಡು.

ಕಾಲುಗಳು ತಾವಾಗಿಯೇ ಮೇಲೆದ್ದವು. ಅವನು ಅವನ್ನು ಅಂಗೈಯಿಂದ ಒತ್ತಿ ನೆಲಕ್ಕೆ ಇಳಿಸಿ ಮಾತಾಡಿದ.

“ಬೋಲ್ಟಿನ ಸದ್ದು ನಿಂತೋಯ್ತು. ಮುಗೀತು ಅಂದ್ಕೊಂಡೆ. ಟಾರ್ಚು ತಿರುಗಿಸಿ ನೋಡ್ಲಿಲ್ಲ. ಟೀ ಹೊತ್ತಾಗಿತ್ತು, ಮೇಡಂ. ಅಷ್ಟೇ. ಟೀ ಹೊತ್ತು. ಕುಟ್ಟಿದ್ದು ಭಾವ ಅಲ್ಲ. ನಾನು.”

ಅವನು ಮತ್ತೆ ಎರಡು ತಟ್ಟಿಕೊಂಡ.

“ಭಾವ ಕೂಗಿದ್ರು. ಒಂದು ಕುಟ್ಬೇಕಿತ್ತು, ಒಂದೇ ಒಂದು. ಸ್ಪ್ಯಾನರ್ ಕೈಯಿಂದ ಜಾರಿ ಹೋಯ್ತು. ಕೆಳಗೆ ಹೋಗ್ತಾನೇ ಇತ್ತು, ಬೀಳೋ ಸದ್ದು ಬರ್ತಾನೇ ಇಲ್ಲ. ನಾನು ಮುಷ್ಟಿಯಲ್ಲಿ ಹಳಿ ಗುದ್ದಿದೆ. ಮಾಂಸದ ಕೈ ಅಲ್ವಾ, ಸದ್ದೇ ಬರ್ಲಿಲ್ಲ. ಲಿಫ್ಟು ಏರ್ತಾನೇ ಇದೆ. ಕೊನೆಗೆ ಒಂದು ಕುಟ್ಟಿದ್ದು ಭಾವನೇ. ಕಾಲು ಅಲ್ಲಿ ಸಿಕ್ಕಿರೋವಾಗ, ಕೈ ಚಾಚಿ, ಅವರ ಸ್ಪ್ಯಾನರಿಂದ. ಆಮೇಲೆ ಆಸ್ಪತ್ರೆಲಿ ‘ಎರಡು ಕುಟ್ಟಿದ್ದೂ ನಾನೇ’ ಅಂದ್ರು ಭಾವ. ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ನೆ ನಿಂತಿದ್ದೆ.”

ಅವನ ಎರಡು ಬೆರಳು ಈಗ ಕೊರಳೆಲುಬನ್ನು ನಿಲ್ಲದೆ ತಟ್ಟುತ್ತಿದ್ದವು. ಎಷ್ಟು ಸಲ ಎಂದು ಯಾರೂ ಎಣಿಸುತ್ತಿರಲಿಲ್ಲ. ಬೆರಳು ನಿಂತ ಮೇಲೆ ಅವರು ಕೇಳಿದರು: “ಈಗ ಎಷ್ಟನೇ ಮಹಡಿ?”

“ಐದು.” ಮೂಗು ಒರೆಸಿಕೊಂಡ. “ಇಲ್ಲ. ನಾಲ್ಕೂವರೆ.”

“ಲಿಫ್ಟು ಅರ್ಧದಲ್ಲಿ ನಿಲ್ಲತ್ತಾ?”

“ನಮ್ಮ ಕಂಪನಿದು ನಿಲ್ಲತ್ತೆ ಮೇಡಂ.”

ಇನ್ನೂ ಎರಡು ವಾರ ಅದೇ ಸಂಗತಿಯನ್ನು ಹೇಳಿದ, ಮೊದಲಿನಿಂದ ಕೊನೆಗೆ, ಹುಬ್ಬು, ಗಲ್ಲ, ಕೊರಳು ತಟ್ಟಿಕೊಳ್ಳುತ್ತಾ. ಮೂರನೇ ಮಹಡಿಗೆ ಇಳಿದು ಹೆದರಿಕೆ ಅಲ್ಲೇ ಜಾಂಡಾ ಹೂಡಿತು. ಕೆಳಗಿಳಿಯಲೊಲ್ಲದು. “ಇಲ್ಲಿಂದ ಮುಂದಕ್ಕೆ ಯಾರ ಹತ್ರ ಹೇಳ್ಬೇಕು ಅಂತ ನಿಮಗೆ ಗೊತ್ತು,” ಎಂದರು ಮೇಡಂ. “ನಾನು ಹೋಗಿ ಅನ್ನಲ್ಲ. ಬೇಡ ಅಂತಲೂ ಅನ್ನಲ್ಲ.”

ಪರೀಕ್ಷೆಗೆ ಮೂರು ದಿನ ಉಳಿದಾಗ ಕೆಮ್ಮಣ್ಣ ಆ ಕಚೇರಿ ಕಟ್ಟಡದ ಆರು ಮಹಡಿಯನ್ನು ಮೆಟ್ಟಿಲಿನಿಂದ ಹತ್ತಿ ಮೆಷಿನ್ ರೂಮಿಗೆ ಹೋದ. ಅಲ್ಲಿ ಮೋಟಾರು, ಎಣ್ಣೆ ಡಬ್ಬ, ಹಳೆಯ ಕ್ಯಾಲೆಂಡರು. ಸ್ಟೂಲಿನ ಮೇಲೆ, ಎಡಗಾಲನ್ನು ಪೆಟ್ಟಿಗೆಯೊಂದರ ಮೇಲೆ ಚಾಚಿಕೊಂಡು, ಭಾವ ಬ್ರೆಡ್ಡು ತಿನ್ನುತ್ತಿದ್ದ. ಎಂಟು ತಿಂಗಳಲ್ಲಿ ಪ್ರತಿ ಭಾನುವಾರ ಇವನು ಭಾವನ ಮನೆಗೆ ಹೋಗಿದ್ದಾನೆ. ಪ್ರತಿ ಭಾನುವಾರ ಭಾವ ತಮಾಷೆ ಮಾಡಿದ್ದಾನೆ, ಇವನು ನಗುತ್ತಾ ಒಳಗೊಳಗೇ ಸತ್ತಿದ್ದಾನೆ. ಬೈದಿದ್ದರೆ ಎಷ್ಟೋ ಸುಖವಿತ್ತು.

“ಏನಯ್ಯ, ಮೇಲ್ಗಡೆ ಲೋಕಕ್ಕೆ ಬಂದ್ಬಿಟ್ಟೆ?” ಎಂದ ಭಾವ. “ಕೂತ್ಕೋ. ಎಣ್ಣೆ ಡಬ್ಬದ ಮೇಲೆ ಬೇಡ, ಅದು ಸೋರತ್ತೆ.”

ಇವನು ಕೂರಲಿಲ್ಲ. ಬೆನ್ನನ್ನು ಗೋಡೆಗೆ ಒತ್ತಿ ನಿಂತ. “ಭಾವ, ಅವತ್ತು ಎರಡು...”

ಮುಂದೆ ಬರಲಿಲ್ಲ. ಕೈ ಕೊರಳಿಗೆ ಹೋಯಿತು. ತಟ್ಟತೊಡಗಿದ. ಭಾವ ಬ್ರೆಡ್ಡು ಕೆಳಗಿಟ್ಟು, ಈ ಹೊಸ ರೋಗವನ್ನು ಕುತೂಹಲದಿಂದ ನೋಡಿದ.

“ಎರಡು ಕುಟ್ಟಿದ್ದು ನಾನು, ಭಾವ.”

ಮೋಟಾರು ತಣ್ಣಗಾಗುತ್ತಾ ಟಿಕ್ ಎಂದಿತು.

“ಗೊತ್ತು ಕಣಯ್ಯ,” ಎಂದ ಭಾವ. “ಹೋಗಿದ್ದು ಕಾಲು, ಕಿವಿ ಅಲ್ಲ. ನನ್ನ ಸ್ಪ್ಯಾನರ್ ನನ್ನ ಕೈಯಲ್ಲೇ ಬೋಲ್ಟ್ ಮೇಲೆ ಇತ್ತು. ಇನ್ಯಾರು ಕುಟ್ತಾರೆ, ಜಿರಲೆನಾ?”

“ಮತ್ತೆ ಯಾಕೆ...”

“ಮಂಚದ ಪಕ್ಕ ನಿನ್ನ ಮುಖ ನೋಡಿದೆ. ಆ ಮುಖ ಇಟ್ಕೊಂಡು ಕೆಲಸನೂ ಕಳ್ಕೊಂಡು ಮನೆಗೆ ಹೋಗಿದ್ರೆ ನನ್ನ ತಂಗಿ ಕಥೆ ಏನು? ಹೇಳ್ಬಿಟ್ಟೆ. ಹೇಳಿದ್ಮೇಲೆ, ನಾಳೆ ಬರ್ತಾನೆ, ನನ್ನ ಹತ್ರ ಆದ್ರೂ ಒಂದು ಮಾತು ಹೇಳ್ತಾನೆ ಅಂತ ಕಾದೆ.” ದನಿ ಈಗ ಬೇರೆಯಾಗಿತ್ತು. “ನಾಳೆ ಬರ್ತಾನೆ ಅಂತ ಎಷ್ಟು ನಾಳೆ ಕಾದೆ ಗೊತ್ತಾ? ಎಂಟು ತಿಂಗಳು! ಪ್ರತಿ ಭಾನುವಾರ ಬಂದು ನನ್ನ ಜೋಕಿಗೆ ಹಲ್ಲು ಬಿಟ್ಟು ಹೋಗ್ತಿದ್ದೆ. ಕಾಲು ನೋವು ತಡ್ಕೊಂಡೆ ಕಣೋ. ಅದನ್ನ ತಡ್ಕೊಳ್ಳೋಕಾಗ್ಲಿಲ್ಲ.”

“ತಪ್ಪಾಯ್ತು ಭಾವ.”

“ಆಯ್ತು. ಹೌದು, ನಿಂದೇ ತಪ್ಪು. ನೋಡ್ದೆ ಕುಟ್ಟಿದ್ದೂ ತಪ್ಪು, ಬಾಯಿ ಮುಚ್ಕೊಂಡಿದ್ದೂ ತಪ್ಪು. ಅಳ್ಬೇಡ, ಮೋಟಾರಿಗೆ ನೀರು ಬೀಳತ್ತೆ.” ಬ್ರೆಡ್ಡಿನ ಉಳಿದರ್ಧವನ್ನು ಚಾಚಿದ. “ಸೋಮವಾರ ಇಲ್ಲಿ ಕೂರೋದು ನಾನೇ. ನೀನು ಕುಟ್ಟಿದ್ದನ್ನ ನಾನು ಕೇಳ್ತೀನಿ. ಸರಿಯಾಗಿ ಕುಟ್ಟು.”

ಅಂದು ಸಂಜೆಯೇ ಹೆಂಡತಿಗೂ ಹೇಳಿದ. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, ಸೋಮವಾರ ಬೆಳಿಗ್ಗೆ, ಅವನ ಟಾರ್ಚಿಗೆ ಹೊಸ ಸೆಲ್ಲು ಹಾಕಿ ಚೀಲದ ಮೇಲಿಟ್ಟಳು. “ನೋಡ್ಕೊಂಡು ಕುಟ್ಟಿ,” ಎಂದಳು.

ತಪಾಸಣೆ ಅಧಿಕಾರಿ ದಪ್ಪ ಮೀಸೆಯ, ಕಂಕುಳಲ್ಲಿ ಫಾರಂ ಇಟ್ಟುಕೊಂಡ, ಎಲ್ಲದಕ್ಕೂ “ಬೇಗ” ಎನ್ನುವ ಮನುಷ್ಯ. ಇಬ್ಬರೂ ಲಿಫ್ಟಿನ ನೆತ್ತಿಯ ಮೇಲೆ ಇಳಿದರು. ಹಿಂದೆ ಬಾಗಿಲು ಮುಚ್ಚಿಕೊಂಡಿತು. ಕೊನೆಯ ಬೆಳಕಿನ ಗೆರೆ ಸಣ್ಣದಾಗಿ, ಕೂದಲಾಗಿ, ಇಲ್ಲವಾಯಿತು.

ಕತ್ತಲೆ. ಗ್ರೀಸಿನ ವಾಸನೆ. ತಂತಿಯ ಹಗ್ಗ ಮಿಡಿಯಿತು. ಕೆಮ್ಮಣ್ಣನ ಹೆದರಿಕೆ ನೆಲಮಹಡಿಯಿಂದ ತಾರಸಿಗೆ ಎಲ್ಲಿಯೂ ನಿಲ್ಲದೆ ಏರಿತು. ಸ್ಪ್ಯಾನರು ಬೆವರಿಗೆ ಮೀನಿನಂತೆ ಜಾರುತ್ತಿತ್ತು. ಈ ಸಲ ಅದಕ್ಕೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಂಡಿದ್ದ. ಬಿದ್ದರೂ ಹೋಗುವಂತಿರಲಿಲ್ಲ.

ಟಾರ್ಚನ್ನು ಅಧಿಕಾರಿಯ ಪಾದಕ್ಕೆ ಬಿಟ್ಟ. “ಸಾರ್, ಕಾಲು.”

“ಒಳಗೇ ಇದೆ ಕಣಯ್ಯ.”

“ಇನ್ನೂ ಒಳಗೆ ಸಾರ್.”

“ಇನ್ನೆಷ್ಟು ಒಳಗೆ?”

“ಎಡಗಾಲು ಸಾರ್. ಎಡಗಾಲು.”

ಆರು ಸಲ ಕೇಳಿದ. ಆರನೇ ಸಲಕ್ಕೆ ಆ ಮನುಷ್ಯ ಎರಡು ಪಾದವನ್ನೂ ಜೋಡಿಸಿ, ಶಿಕ್ಷೆಗೆ ನಿಂತ ಶಾಲೆಯ ಮಗುವಿನಂತೆ, ನಟ್ಟನಡುವೆ ನಿಂತ. ಅಷ್ಟು ಹೊತ್ತಿಗೆ ಭಯ ಅಂಟುರೋಗವಾಗಿ ಅವನಿಗೂ ಹತ್ತಿತ್ತು. ಮೇಲೆ ಭಾವ ಕಾಯುತ್ತಿದ್ದ. ಒಂದು ಸದ್ದೂ ಇಲ್ಲ.

ಕೆಮ್ಮಣ್ಣ ಎಡಗೈಯ ಎರಡು ಬೆರಳಿನಿಂದ ಕೊರಳೆಲುಬನ್ನು ತಟ್ಟತೊಡಗಿದ. ತಟ್ಟಿದ, ತಟ್ಟಿದ. ಹೆದರಿಕೆ ಇಳಿಯಲಿಲ್ಲ. ಐದನೇ ಮಹಡಿಗೆ ಬಂದು ನಿಂತಿತು. ಇಳಿಯದಿದ್ದರೂ ಕೆಲಸ ಮಾಡಬಹುದು ಎಂದು ಮೇಡಂ ಹೇಳಿದ್ದರು. ಆಗ ನಂಬಿರಲಿಲ್ಲ, ಈಗಲೂ ನಂಬಲಿಲ್ಲ. ಬಲಗೈ ಎತ್ತಿದ.

ಟಣ್.

ಕೈ ನಿಂತಿತು. ಒಂದು ಕುಟ್ಟಿದರೆ ನಿಲ್ಲಿಸು. ನಿಂತ ಲಿಫ್ಟಿಗೆ ನಿಲ್ಲು ಎಂದಿದ್ದ. ಅಧಿಕಾರಿ ಉಸಿರು ಬಿಡುವುದನ್ನು ಮರೆತ. ಕತ್ತಲೆಯಲ್ಲಿ ಗೋಡೌನಿನ ಆ ಚೆನ್ನಾಗಿರುವ ಕುರ್ಚಿ ಎಲ್ಲೋ ತೋಳು ಚಾಚಿ ಕರೆಯಿತು. ಕೆಮ್ಮಣ್ಣ ಟಾರ್ಚನ್ನು ಮತ್ತೆ ನಾಲ್ಕೂ ಕಾಲಿನ ಮೇಲೆ ಆಡಿಸಿದ. ಎರಡು ಇವನದು, ಎರಡು ಅವನದು. ಎಲ್ಲ ಒಳಗಿದ್ದವು.

ಟಣ್. ಟಣ್.

ಎರಡನೆಯ ಏಟಿನ ಕಂಪನ ಹಳಿಯಲ್ಲಿ ಮೇಲಕ್ಕೆ ಹೋಗುತ್ತಿರುವುದು ಅವನ ಅಂಗೈಗೆ ತಿಳಿಯಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಪಾದದಡಿಯ ಕಬ್ಬಿಣ ಮೆಲ್ಲಗೆ, ಬಹಳ ಮೆಲ್ಲಗೆ, ತಾಯಿ ತೊಟ್ಟಿಲಿನಿಂದ ಮಗು ಎತ್ತಿದ ಹಾಗೆ, ಏಳತೊಡಗಿತು. ಭಾವ ಹಾಗೆ ಏರಿಸಿದ್ದು ಜೀವಮಾನದಲ್ಲಿ ಅದೊಂದೇ ಸಲವಿರಬೇಕು. ಆರನೇ ಮಹಡಿಯಲ್ಲಿ ಕೆಮ್ಮಣ್ಣ ಒಂದು ಕುಟ್ಟಿದ. ನಿಂತಿತು. ಅಧಿಕಾರಿ ಫಾರಂನಲ್ಲಿ ಟಿಕ್ ಹಾಕಿ, ಬಾಗಿಲು ತೆರೆದೊಡನೆ ನೆಲ ಮುಟ್ಟಿ, ಕೆಳಕ್ಕೆ ಮೆಟ್ಟಿಲಿನಿಂದಲೇ ಹೋದ.

ಇದೆಲ್ಲ ಅವನು ನನಗೆ ಹೇಳಿದ್ದು ವಾರ ಕಳೆದ ಮೇಲೆ, ನಮ್ಮ ಬೀದಿಯ ಟೀ ಅಂಗಡಿಯಲ್ಲಿ. ನಾನು ಕತೆಗಾರ. ಗ್ಲಾಸು ಕೆಳಗಿಟ್ಟು, ಮಹತ್ವದ ಪ್ರಶ್ನೆಗೆ ತಕ್ಕ ದನಿ ತೆಗೆದು ಕೇಳಿದೆ: “ಆ ಎರಡನೇ ಏಟು ಕುಟ್ಟಿ, ಕತ್ತಲೆಯಲ್ಲಿ ಲಿಫ್ಟು ಮೊದಲ ಸಲ ಅಲುಗಾಡಿತಲ್ಲ, ಎಂಟ್ ತಿಂಗಳು ಕಾದ ಆ ಗಳಿಗೆಲಿ, ನಿಜ ಹೇಳು, ನಿನ್ನ ಮನಸ್ಸಿಗೆ ಏನು ಬಂತು?”

ಅವನು ಪ್ರಾಮಾಣಿಕವಾಗಿ ಯೋಚಿಸಿದ. ಟೀ ಊದಿದ.

“ಎಡಗಡೆ ಹಳಿಗೆ ಎಣ್ಣೆ ಸಾಲ್ದು ಅಂತ,” ಎಂದ. “ಕಿರ್ರ್ ಅಂತಿತ್ತು.”